ಗೃಹಪ್ರವೇಶದ ಡೇಟ್ ಇಡೋ ಮುಂಚೆ ಗೋಡೆಯನ್ನೂ ಒಂದು ಮಾತು ಕೇಳಿ

ಬೆಂಗಳೂರಲ್ಲಿ ಕೆಲಸ ಮಾಡ್ತಾ ಊರಲ್ಲಿ ಮನೆ ಕಟ್ಟಿಸೋ ನಮ್ಮಂಥವರಿಗೆ ಮೋಲ್ಡ್ ಹಾಕಿದ ದಿನ "ಇನ್ನೇನು, ಮನೆ ಮುಗೀತು" ಅನ್ನಿಸುತ್ತೆ. ಅಸಲಿ ಓಡಾಟ ಶುರುವಾಗೋದೇ ಆಮೇಲೆ.

ಚಳ್ಳಕೆರೆಯ ನಮ್ಮ ಮನೆ ಈಗ ಅದೇ ಹಂತದಲ್ಲಿದೆ. ಗಾರೆಯವರು, ಎಲೆಕ್ಟ್ರಿಷಿಯನ್, ಪ್ಲಂಬರ್, ಟೈಲ್ಸ್‌ನವರು, ಬಡಗಿ, ಪೇಂಟರ್ ಅಂತ ಆರು ಫೋನ್ ನಂಬರ್, ಉತ್ತರ ಮಾತ್ರ ಒಂದೇ: "ನಾಳೆ ಬರ್ತೀನಿ ಸಾರ್." ಇಲ್ಲಿ ಬಾಡಿಗೆ, ಅಲ್ಲಿ ಇಎಂಐ ಎರಡೂ ಕಟ್ಟೋರಿಗೆ ಆತುರ ಸಹಜ. ಅದಕ್ಕೇ ತುಂಬಾ ಜನ ಆಷಾಢಕ್ಕೆ ಮುಂಚೆ ಒಂದು ಮುಹೂರ್ತ ಇಡಿಸಿ, ಕಾರ್ಡ್ ಹಂಚಿ, ಆಮೇಲೆ ಕೆಲಸಗಾರರನ್ನ ಓಡಿಸ್ತಾರೆ. ಲೆಕ್ಕ ಶುರುವಾಗಬೇಕಾದ್ದು ಇನ್ನೊಂದು ತುದಿಯಿಂದ.

ಸಾಫ್ಟ್‌ವೇರ್‌ನವರಿಗೆ 'ಕ್ರಿಟಿಕಲ್ ಪಾತ್' ಗೊತ್ತಿರುತ್ತೆ. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ 1950ರ ದಶಕದ ಕೊನೆಯಲ್ಲಿ ಬೆಳೆದ ಲೆಕ್ಕ ಅದು. ಯಾವ ಕೆಲಸ ತಡವಾದ್ರೆ ಇಡೀ ಪ್ರಾಜೆಕ್ಟ್ ತಡವಾಗುತ್ತೋ ಆ ಸಾಲನ್ನ ಮೊದಲು ಹುಡುಕೋದು. ಮನೆ ಫಿನಿಶಿಂಗ್‌ನಲ್ಲಿ ಆ ಸಾಲಲ್ಲಿ ಮನುಷ್ಯರಷ್ಟೇ ಅಲ್ಲ, ಗೋಡೆನೂ ನಿಂತಿರುತ್ತೆ.

ಗೋಡೆ ಕೊರೆದು ವೈರಿಂಗ್ ಪೈಪ್, ನೀರಿನ ಪೈಪ್ ಹಾಕಿ, ಪ್ರೆಶರ್ ಬಿಟ್ಟು ಲೀಕ್ ನೋಡಿದ ಮೇಲೇ ಪ್ಲಾಸ್ಟರ್. ಪ್ಲಾಸ್ಟರ್‌ಗೆ ಕನಿಷ್ಠ 7 ದಿನ ನೀರು ಹೊಡೀಬೇಕು. ನಮ್ಮದು ರಾಜ್ಯದಲ್ಲೇ ತೀರಾ ಕಡಿಮೆ ಮಳೆಯ ಸೀಮೆ; ಬಿಸಿಲು, ಗಾಳಿಗೆ ಗೋಡೆ ಮಧ್ಯಾಹ್ನಕ್ಕೇ ಒಣಗುತ್ತೆ. "ಒಣಗಿದೆಯಲ್ಲ, ಸಾಕು" ಅನ್ನೋದು ಇಲ್ಲೇ. ಆದ್ರೆ ಸಿಮೆಂಟ್ ಗಟ್ಟಿಯಾಗೋದು ಒಣಗಿ ಅಲ್ಲ, ನೀರಿನ ಜೊತೆ ಸೇರಿ. ಬೇಗ ಒಣಗಿದ ಗೋಡೆಯೇ ಆಮೇಲೆ ಬಿರುಕು ಬಿಡೋದು. ಪೇಂಟ್‌ಗಂತೂ ಹೊಸ ಪ್ಲಾಸ್ಟರ್ ಸಾಮಾನ್ಯವಾಗಿ 28 ದಿನ ಕಾಯಬೇಕು. ಇಲ್ಲಾಂದ್ರೆ ಪುಟ್ಟಿ ಉಬ್ಬಿ ಸಿಪ್ಪೆ ಏಳುತ್ತೆ.

ಆ 28 ದಿನ ಸುಮ್ಮನೆ ಕೂರೋದಲ್ಲ. ಬಾತ್‌ರೂಮ್‌ಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ಒಂದೆರಡು ದಿನ ನೀರು ನಿಲ್ಲಿಸಿ ಕೆಳಗಡೆ ತೇವ ಬರುತ್ತಾ ನೋಡಿ, ಟೈಲ್ಸ್ ಹಾಕಿಸಬಹುದು. ಅಡುಗೆಮನೆ ಗ್ರಾನೈಟ್ ಮುಗಿಸಬಹುದು. ನೆಲ ಮುಗಿದ ಮೇಲೆ ಬಾಗಿಲು ಕೂರಿಸಿದ್ರೆ ಅಡಿಯ ಸಂದು ಸರಿಯಾಗಿ ಸಿಗುತ್ತೆ. ಕಟಿಂಗ್, ಉಜ್ಜೋದು ಅಂತ ದೂಳು ಏಳೋ ಕೆಲಸ ಎಲ್ಲ ಮುಗಿದ ಮೇಲೆ ಪುಟ್ಟಿ, ಪ್ರೈಮರ್, ಮೊದಲ ಕೋಟ್. ಸ್ವಿಚ್, ನಲ್ಲಿ, ಕಮೋಡ್ ಕೂತಾದ ಮೇಲೆ ಕೊನೇ ಕೋಟ್. ಬೆಸ್ಕಾಂ ಕಾಯಂ ಮೀಟರ್‌ಗೆ ಲೈಸೆನ್ಸ್ ಇರೋ ಗುತ್ತಿಗೆದಾರರ ವೈರಿಂಗ್ ರಿಪೋರ್ಟ್ ಬೇಕು, ಅದನ್ನ ಎಲೆಕ್ಟ್ರಿಷಿಯನ್‌ಗೆ ಕೆಲಸ ಒಪ್ಪಿಸುವಾಗಲೇ ಮಾತಾಡಿಕೊಳ್ಳಿ.

ಪಕ್ಕದ ಮೊಳಕಾಲ್ಮೂರಿನ ರೇಷ್ಮೆ ಮಗ್ಗದವರಿಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ. ಬಣ್ಣ ಹಾಕಿದ ನೂಲು ಒಣಗಬೇಕು, ಹಾಸು ಮಗ್ಗಕ್ಕೆ ಏರಬೇಕು, ಆಮೇಲೇ ಹೊಕ್ಕು. ಮದುವೆ ಹತ್ತಿರ ಬಂತು ಅಂತ ಹಾಸಿಲ್ಲದೆ ನೇಯೋಕಾಗುತ್ತಾ?

ಇನ್ನೊಂದು ಕ್ಯಾಲೆಂಡರ್ ಕೆಲಸಗಾರರದ್ದು. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ಬಂದ್ರೆ ನಮ್ಮ ಕಡೆ ಯಾರು ಕೆಲಸಕ್ಕೆ ಬರ್ತಾರೆ? ಯಾಕೆ ಬರಬೇಕು? ಯುಗಾದಿ, ಜಾತ್ರೆ, ಅವರ ಮನೆ ಮದುವೆ ಎಲ್ಲಾ ಮೊದಲೇ ಕೇಳಿ ಬರೆದಿಟ್ಟುಕೊಳ್ಳೋದು ಜಗಳಕ್ಕಿಂತ ಅಗ್ಗ. ದುಡ್ಡನ್ನೂ ದಿನದ ಲೆಕ್ಕದಲ್ಲಿ ಕೊಡೋ ಬದಲು ಹಂತದ ಲೆಕ್ಕದಲ್ಲಿ ಕೊಟ್ಟು, ಫಿಟ್ಟಿಂಗ್ ಚೆಕ್ ಆಗೋ ತನಕ ಕೊನೇ ಕಂತು ಉಳಿಸಿಕೊಳ್ಳಿ.

ಇಷ್ಟೆಲ್ಲ ಯಾಕೆ ಅಂದ್ರೆ, ಡೇಟ್ ಬಿಗಿಯಾದಾಗ ಅದರ ಭಾರ ಬೀಳೋದು ನಮ್ಮ ಮೇಲಲ್ಲ. ನಾವು ಫೋನ್‌ನಲ್ಲಿ "ಅಪ್ಪಾ, ಏನಾಯ್ತು?" ಅಂತ ಕೇಳ್ತೀವಿ ಅಷ್ಟೇ. ಬಿಸಿಲಲ್ಲಿ ಪೈಪ್ ಹಿಡಿದು ಗೋಡೆಗೆ ನೀರು ಹೊಡೆಯೋರು, ಪ್ಲಂಬರ್ ಮನೆ ಬಾಗಿಲಿಗೆ ಹೋಗಿ ನಿಲ್ಲೋರು ಅರವತ್ತು ದಾಟಿದ ಅಪ್ಪಂದಿರು. ಕೆಲಸ ಬಿಟ್ಟು ಬರೋಕಾಗಲ್ಲ ಸರಿ, ಆ ಆರು ಫೋನ್ ಮಾಡೋ ಕೆಲಸ ಇಲ್ಲಿಂದಲೇ ನಾವು ವಹಿಸಿಕೊಳ್ಳಬಹುದು.

ಜೋಯಿಸರ ಹತ್ರ ಹೋಗುವಾಗ ಪ್ಲಾಸ್ಟರ್ ಮುಗಿದ ತಾರೀಖು ಕೈಯಲ್ಲಿರಲಿ. ಆಷಾಢಕ್ಕೆ ಮುಂಚೆ ಒಂದು, ಶ್ರಾವಣದಲ್ಲಿ ಒಂದು, ಎರಡು ಮುಹೂರ್ತ ಕೇಳಿ. ಕಾರ್ಡ್ ಪ್ರಿಂಟ್‌ಗೆ ಕೊಡೋದು ಬಾತ್‌ರೂಮಲ್ಲಿ ನೀರು ನಿಲ್ಲಿಸಿ ನೋಡಿದ ಮೇಲೆ.