ಎಲೆ ಹಂಚುವವನ ಮೇಲೇಕೆ ಸಿಟ್ಟು?

ಒಂದೇ ಕಡೆ ಮತ್ತೆ ಮತ್ತೆ ಹೋಗುವ ಗಿರಾಕಿಗೆ ಅಲ್ಲಿ ಕೆಲಸ ಮಾಡುವವರ ವಿಶ್ವಾಸ ಹೇಗೆ ಸಿಗುತ್ತದೆ? ಈ ಪ್ರಶ್ನೆ ಕೇಳಿದರೆ ನನ್ನ ಗೆಳೆಯರಲ್ಲಿ ಹೆಚ್ಚಿನವರು ‘ಟಿಪ್ಸ್ ಕೊಟ್ರಾತು, ಅದರಾಗೇನೈತಿ’ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಯಾಕೆ ಅನ್ನಿಸುವುದಿಲ್ಲ ಎಂದು ಹೇಳಲು ಸ್ವಲ್ಪ ವಿಚಿತ್ರವಾದ ಉದಾಹರಣೆಯೊಂದನ್ನು ಆರಿಸಿಕೊಂಡಿದ್ದೇನೆ: ಗೋವಾದ ಕ್ಯಾಸಿನೊ, ಅದರಲ್ಲೂ ಪೋಕರ್ ಆಡುವ ಕೋಣೆ.

ಚಿಕ್ಕೋಡಿಯ ಹುಡುಗನಿಗೆ ಕ್ಯಾಸಿನೊ ಯಾಕೆ ಬೇಕು ಅನ್ನಬೇಡಿ. ಸಂಕೇಶ್ವರ ದಾಟಿ ಆಜರಾ, ಅಂಬೋಲಿ ಘಾಟ್ ಇಳಿದರೆ ಸಾವಂತವಾಡಿ, ಅಲ್ಲಿಂದ ಪಣಜಿ ದೂರವಲ್ಲ. ಬೆಳಗಾವಿಯಿಂದಾದರೆ ಚೋರ್ಲಾ ಘಾಟ್. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯಿಂದ ಶನಿವಾರ ಗಾಡಿ ಮಾಡಿಕೊಂಡು ಹೋಗುವವರು ನಮಗೆಲ್ಲ ಗೊತ್ತಿರುವವರೇ. ಕಬ್ಬಿನ ಬಿಲ್ ಜಮಾ ಆದ ವಾರ ಕೇಳುವುದೇ ಬೇಡ. ನಮ್ಮಲ್ಲಿ ಗುಡಿ ಹಿಂದೆ ನಾಲ್ಕು ಮಂದಿ ಅಂದರ್ ಬಾಹರ್ ಆಡಿದರೆ ಮರುದಿನ ಪೇಪರ್‌ನಲ್ಲಿ ‘ಪೊಲೀಸ್ ದಾಳಿ’ ಎಂದು ಬರುತ್ತದೆ. ಘಾಟ್ ಇಳಿದರೆ ಅದೇ ಎಲೆಗಳಿಗೆ ಲೈಸೆನ್ಸ್ ಇದೆ. ಗೋವಾ ತನ್ನ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲ್‌ಗಳಲ್ಲಿ ಯಂತ್ರದ ಆಟಕ್ಕೆ ದಾರಿ ಮಾಡಿತು. 1996ರಲ್ಲಿ ಮತ್ತೆ ತಿದ್ದಿ ಹಡಗುಗಳ ಮೇಲೂ ಕ್ಯಾಸಿನೊಗೆ ಅವಕಾಶ ಕೊಟ್ಟಿತು. ಮಾಂಡವಿ ನದಿಯಲ್ಲಿ ರಾತ್ರಿಯಿಡೀ ಬಣ್ಣದ ದೀಪ ಹಾಕಿಕೊಂಡು ನಿಂತಿರುವ ಹಡಗುಗಳು ಅವೇ. ತಮಾಷೆಯೆಂದರೆ, 2020ರ ಫೆಬ್ರವರಿಯಿಂದ ಗೋವಾದವರಿಗೇ ಅಲ್ಲಿ ಆಡಲು ಬಿಡುವುದಿಲ್ಲ. ಅಂದರೆ ಒಳಗೆ ಕೂತವರೆಲ್ಲ ಹೊರಗಿನವರು, ನಮ್ಮಂಥವರು.

ನಾನಂತೂ ಒಳಗೆ ಕಾಲಿಟ್ಟಿಲ್ಲ. 21 ತುಂಬದವರಿಗೆ ಪ್ರವೇಶ ಇಲ್ಲ, ನನಗಿನ್ನೂ ಇಪ್ಪತ್ತು. ತುಂಬಿದ ಮೇಲೂ ಹೋಗುವ ಆಸೆ ಇಲ್ಲ. ನನಗೆ ಗೊತ್ತಿರುವುದೆಲ್ಲ ನಮ್ಮ ಓಣಿಯ ಅಣ್ಣನೊಬ್ಬನಿಂದ. ಡಿಪ್ಲೊಮಾ ಮುಗಿಸಿ ಎರಡು ವರ್ಷ ಕೆಲಸ ಹುಡುಕಿ, ಕೊನೆಗೆ ಅಲ್ಲಿ ಪೋಕರ್ ಟೇಬಲ್‌ನ ಡೀಲರ್ ಆಗಿ ಸೇರಿಕೊಂಡವನು. ಮನೆಯಲ್ಲಿ ಕೇಳಿದವರಿಗೆಲ್ಲ ‘ಹೋಟೆಲ್ ಲೈನ್’ ಅನ್ನುತ್ತಾರೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಊರಿಗೆ ಬಂದಾಗ ಅವನ ಜೊತೆ ಕೂತು ಕೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆಟದ ಲೆಕ್ಕ ತಿಳಿಯಬೇಕು. ರೂಲೆಟ್‌ನಂಥ ಆಟದಲ್ಲಿ ನೀವು ಕ್ಯಾಸಿನೊ ವಿರುದ್ಧ ಆಡುತ್ತೀರಿ. ಪೋಕರ್‌ನಲ್ಲಿ ಆಟಗಾರರು ಒಬ್ಬರ ವಿರುದ್ಧ ಒಬ್ಬರು ಆಡುತ್ತಾರೆ. ನಡುವೆ ಕೂಡುವ ಹಣಕ್ಕೆ ಪಾಟ್ ಅನ್ನುತ್ತಾರೆ, ಕ್ಯಾಸಿನೊ ಅದರಲ್ಲಿ ಒಂದು ಸಣ್ಣ ಪಾಲು ಕಡಿದುಕೊಳ್ಳುತ್ತದೆ, ಅಷ್ಟೇ. ಡೀಲರ್ ಎಲೆ ಹಂಚುತ್ತಾನೆ, ಪಾಟ್ ಎಣಿಸುತ್ತಾನೆ, ಗೆದ್ದವನ ಕಡೆ ತಳ್ಳುತ್ತಾನೆ. ಯಾರು ಗೆದ್ದರೂ ಯಾರು ಸೋತರೂ ಅವನ ಸಂಬಳ ಅಷ್ಟೇ. ಆದರೂ ಸೋತವನ ಮೊದಲ ಬೈಗುಳ ಅವನಿಗೇ. ‘ನಿನ್ನ ಕೈ ಸರಿ ಇಲ್ಲ’, ‘ನೀನು ಬಂದ ಮ್ಯಾಲ ನನ್ನ ನಸೀಬ ಕೆಡ್ತು’.

ನಮ್ಮ ಮ್ಯಾಥ್ಸ್ ಪೇಪರ್‌ನ ಪ್ರೊಬೆಬಿಲಿಟಿ ಓದಿದವರಿಗೆ ಇದು ಎಷ್ಟು ಅರ್ಥವಿಲ್ಲದ್ದು ಎಂದು ತಕ್ಷಣ ಗೊತ್ತಾಗುತ್ತದೆ. 52 ಎಲೆಗಳಲ್ಲಿ ಮೊದಲ ಎರಡೂ ಎಕ್ಕವೇ ಬರುವ ಸಂಭವ 221ಕ್ಕೆ ಒಂದು. ಹಾಗೆ ಬಂದರೂ, ಎದುರಿನವನ ಕೈಯಲ್ಲಿ ಎರಡು ರಾಜ ಇದ್ದರೆ, ಹೆಚ್ಚುಕಡಿಮೆ ಐದು ಸಲಕ್ಕೆ ಒಂದು ಸಲ ಎಕ್ಕದವನೇ ಸೋಲುತ್ತಾನೆ. ಆ ಐದನೇ ಸಲ ಡೀಲರ್ ಮಾಡಿದ ಮೋಸವಲ್ಲ. ಅದು ಬರಲೇಬೇಕಾದದ್ದು. ಆದರೆ ಎರಡು ಎಕ್ಕ ಹಿಡಿದು ಸೋತವನು ಎಲೆಗಳನ್ನು ಡೀಲರ್ ಮುಖಕ್ಕೆ ಎಸೆದದ್ದನ್ನು ಅಣ್ಣ ಒಂದು ಸಲವಲ್ಲ, ಲೆಕ್ಕವಿಲ್ಲದಷ್ಟು ಸಲ ಕಂಡಿದ್ದಾನೆ. ಎಸೆದ ಎಲೆ ಆರಿಸಿ, ಜೋಡಿಸಿ, ಮತ್ತೆ ಕಲಸಿ, ಅದೇ ಮನುಷ್ಯನಿಗೆ ನಗುತ್ತಾ ಹಂಚಬೇಕು.

ಕೆಲಸ ಹೊರಗಿನಿಂದ ಸುಲಭವಾಗಿ ಕಾಣುತ್ತದೆ. ತಲೆಯ ಮೇಲೆ ಕ್ಯಾಮೆರಾ. ಟೇಬಲ್ ಬಿಡುವಾಗ ಎರಡೂ ಅಂಗೈ ತಿರುಗಿಸಿ ಖಾಲಿ ಎಂದು ತೋರಿಸಬೇಕು. ಯಾರಾದರೂ ಟಿಪ್ಸ್ ಎಂದು ಚಿಪ್ ಕೊಟ್ಟರೆ ಟೇಬಲ್‌ಗೆ ತಟ್ಟಿ, ಕ್ಯಾಮೆರಾಗೆ ಕಾಣುವಂತೆ ಡಬ್ಬಿಗೆ ಹಾಕಬೇಕು. ಕಿಸೆಗೆ ಕೈ ಹಾಕುವಂತಿಲ್ಲ, ಮೂಗು ತುರಿಸಿದರೂ ಕೈ ಬಿಡಿಸಿ ತೋರಿಸುವ ಅಭ್ಯಾಸ ಆಗಿಬಿಟ್ಟಿದೆ. ಊರಲ್ಲಿ ಚಹಾ ಕುಡಿದು ಏಳುವಾಗಲೂ ಅವನು ಒಮ್ಮೆ ಅಂಗೈ ತಿರುಗಿಸಿದ. ನಾವು ನಕ್ಕೆವು, ಅವನು ನಗಲಿಲ್ಲ.

ಹಾಗಾದರೆ ಡೀಲರ್‌ಗಳಿಗೆ ಯಾರು ಇಷ್ಟ? ‘ಭಾಳ ಟಿಪ್ಸ್ ಕೊಡಾವ್ರಾ?’ ಎಂದು ಕೇಳಿದೆ. ‘ಹಂಗಲ್ಲೋ ತಮ್ಮಾ’ ಅಂದ. ಅವನು ಇರುವ ಕಡೆ ಟಿಪ್ಸ್ ಎಲ್ಲ ಒಂದೇ ಡಬ್ಬಿಗೆ ಬಿದ್ದು ಎಲ್ಲರಿಗೂ ಪಾಲಾಗುತ್ತದೆ. ಒಬ್ಬ ಸಾವಿರ ಎಸೆದು ಹತ್ತು ಜನರ ಮುಂದೆ ಅವಮಾನ ಮಾಡಿದರೆ, ಸಾವಿರ ಹಂಚಿಹೋಗುತ್ತದೆ, ಅವಮಾನ ಮಾತ್ರ ಒಬ್ಬನ ಪಾಲಿಗೇ ಉಳಿಯುತ್ತದೆ. ಅವರಿಗೆಲ್ಲ ಇಷ್ಟವಾದವರು ಮೀರಜ್ ಕಡೆಯ ಒಬ್ಬ ವಯಸ್ಸಾದ ಕಾಕಾ. ಸಣ್ಣ ಆಟ, ಸಣ್ಣ ಟಿಪ್ಸ್. ಆದರೆ ಚಿಪ್‌ಗಳನ್ನು ಪಾಟ್‌ಗೆ ಚೆಲ್ಲುವುದಿಲ್ಲ, ಎಣಿಸಲು ಅನುಕೂಲವಾಗುವಂತೆ ಒಂದರ ಮೇಲೊಂದು ಇಟ್ಟು ಮುಂದೆ ಸರಿಸುತ್ತಾರೆ. ಬಿಟ್ಟ ಎಲೆಗಳನ್ನು ಡೀಲರ್ ಕೈಗೆ ಎಟಕುವಂತೆ ತಳ್ಳುತ್ತಾರೆ. ತಮ್ಮ ಸರದಿ ಬರುವ ತನಕ ಸುಮ್ಮನಿರುತ್ತಾರೆ, ಸರದಿ ಬಂದಾಗ ಫೋನ್ ನೋಡುತ್ತಾ ಕೂರುವುದಿಲ್ಲ. ತಕರಾರು ಬಂದು ಮ್ಯಾನೇಜರ್ ಒಂದು ತೀರ್ಪು ಕೊಟ್ಟರೆ, ತಮ್ಮ ವಿರುದ್ಧವಾದರೂ, ಅಲ್ಲಿಗೇ ಮಾತು ಮುಗಿಸುತ್ತಾರೆ. ಸಂಜೆ ಜನ ಕಡಿಮೆ ಇದ್ದಾಗ ‘ಬಾ, ಮೂರು ಮಂದಿಯಾದ್ರೂ ಶುರು ಮಾಡೋಣು’ ಎಂದು ಕೂರುವವರೂ ಅವರೇ. ಟೇಬಲ್ ಶುರುವಾಗದಿದ್ದರೆ ಆ ಕೋಣೆಗೆ ಆದಾಯವಿಲ್ಲ. ಹಾಗಾಗಿ ಇದು ಸಣ್ಣ ಉಪಕಾರವಲ್ಲ. ಹೊಸಬ ತಪ್ಪಾಗಿ ಆಡಿ ಗೆದ್ದರೆ ಹಳೇ ಹುಲಿಗಳು ಅವನನ್ನು ಹಂಗಿಸುತ್ತವೆ. ಕಾಕಾ ‘ಚಲೋ ಆಡಿದಿ’ ಎಂದು ಸುಮ್ಮನಾಗುತ್ತಾರೆ.

ಇದರಿಂದ ಕಾಕಾಗೆ ಒಳ್ಳೆಯ ಎಲೆ ಬೀಳುತ್ತದೆಯೇ? ಇಲ್ಲ, ಬಿದ್ದರೆ ಅದು ಅಪರಾಧ. ಸಿಗುವುದು ಬೇರೆ. ಕೇಳುವ ಮೊದಲೇ ಚಹಾ ಬರುತ್ತದೆ. ತಕರಾರಿನಲ್ಲಿ ಅವರ ಮಾತಿಗೆ ಬೆಲೆ ಇರುತ್ತದೆ. ಎರಡು ವಾರ ಬರದಿದ್ದರೆ ಆರಾಮಿದ್ದಾರೋ ಇಲ್ಲವೋ ಎಂದು ಹುಡುಗರು ತಮ್ಮೊಳಗೇ ಮಾತಾಡಿಕೊಳ್ಳುತ್ತಾರೆ. ಹಾಗೆ ನೋಡಿದರೆ ಇದರಲ್ಲಿ ಕ್ಯಾಸಿನೊಗೇ ಮೀಸಲಾದದ್ದು ಏನೂ ಇಲ್ಲ. ಚಿಲ್ಲರೆ ಮೊದಲೇ ಕೈಯಲ್ಲಿ ಹಿಡಿದು ಬಸ್ ಹತ್ತುವವರನ್ನು ಕಂಡಕ್ಟರ್ ನೆನಪಿಡುವುದೂ ಇದೇ ಕಾರಣಕ್ಕೆ.

ಇಲ್ಲಿಯ ತನಕ ಮಾತು ಹಿತವಾಗಿದೆ. ಆದರೆ ಅಣ್ಣ ಹೇಳಿದ ಇನ್ನೊಂದು ಸಂಗತಿ ಹಿತವಾದದ್ದಲ್ಲ.

ನಮ್ಮ ಪಕ್ಕದ ತಾಲೂಕಿನ ಹುಡುಗನೊಬ್ಬ ಪ್ರತಿ ವಾರ ಬರುತ್ತಿದ್ದನಂತೆ. ಟೇಬಲ್‌ನಿಂದ ಎದ್ದು ಫೋನ್‌ನಲ್ಲಿ ‘ಹೂಂ ಯವ್ವಾ, ಊಟ ಆತು’ ಅಂದದ್ದು ಕೇಳಿ ಅಣ್ಣನಿಗೆ ಇವನು ನಮ್ಮವನು ಎಂದು ಗೊತ್ತಾಯಿತು. ನಡತೆಯಲ್ಲಿ ಹುಡುಗ ಕಾಕಾನಷ್ಟೇ ಒಳ್ಳೆಯವನು. ಎಲೆ ಎಸೆಯಲಿಲ್ಲ, ಬೈಯಲಿಲ್ಲ. ಸೋಲುತ್ತಾ ಹೋದ. ಮೊದಲು ಬೈಕ್‌ನಲ್ಲಿ ಬರುತ್ತಿದ್ದವನು ಆಮೇಲೆ ಬಸ್‌ಗೆ ಬರತೊಡಗಿದ. ಆರು ತಿಂಗಳು ಅಣ್ಣ ಅವನಿಗೆ ಎಲೆ ಹಂಚಿದ. ಆಟದ ನಡುವೆ ಉಳಿದವರಿಗೆ ತಿಳಿಯದ ಭಾಷೆಯಲ್ಲಿ ಆಟಗಾರನ ಜೊತೆ ಮಾತಾಡುವಂತಿಲ್ಲ, ಮೋಸಕ್ಕೆ ದಾರಿ ಎಂದು ಆ ನಿಯಮ. ಸಾಕು ಮಾಡು ಎಂದು ಹೇಳುವುದು ಡೀಲರ್ ಕೆಲಸವೂ ಅಲ್ಲ. ಹೇಳಿದರೆ ನೌಕರಿಗೆ ಸಂಚಕಾರ. ಒಂದು ವಾರದಿಂದ ಹುಡುಗ ಬರುವುದು ನಿಂತಿತು. ‘ನನ್ನ ಮ್ಯಾಲ ಭಾಳ ವಿಶ್ವಾಸ ಇತ್ತೋ ಅವಂಗ. ನಾ ಏನೂ ಹೇಳಾಂಗಿರಲಿಲ್ಲ’ ಅಂದ ಅಣ್ಣ.

ಅಲ್ಲಿಗೆ ಹೋಗುವ ನಮ್ಮ ವಯಸ್ಸಿನವರು ತಿಳಿಯಬೇಕಾದದ್ದು ಇದನ್ನೇ. ಸಿಬ್ಬಂದಿಯ ವಿಶ್ವಾಸ ನಿಜವಾಗಿಯೂ ಇರಬಹುದು, ಆದರೆ ಅದು ನಿಮ್ಮನ್ನು ಕಾಯುವುದಿಲ್ಲ. ಹೆಸರು ಹಿಡಿದು ಕರೆಯುತ್ತಾರೆ, ನಗುತ್ತಾರೆ, ಕುರ್ಚಿ ಎಳೆದು ಕೊಡುತ್ತಾರೆ. ಆ ನಗುವಿನಲ್ಲಿ ಅರ್ಧ ಮನಸ್ಸಿನದು, ಅರ್ಧ ಸಂಬಳದ್ದು. ಯಾವ ಅರ್ಧ ಎಷ್ಟು ಎಂದು ಕೊಡುವವನಿಗೇ ಗೊತ್ತಿರುವುದಿಲ್ಲ. ನಾನು ಊಟ ಮಾಡುವ ಖಾನಾವಳಿಯ ಮಾವಶಿಗೆ ಈ ಕಟ್ಟುಪಾಡಿಲ್ಲ. ‘ಎರಡ ದಿನ ಆತು, ರಾತ್ರಿ ಊಟಕ್ಕ ಬಂದಿಲ್ಲ. ರೊಕ್ಕ ಇಲ್ಲಂದ್ರ ಆಮ್ಯಾಲ ಕೊಡು, ಉಪವಾಸ ಬೀಳಬ್ಯಾಡ’ ಎಂದು ನಾಲ್ಕು ಜನರ ಮುಂದೆಯೇ ಗದರಿಸುತ್ತಾಳೆ.

ಮೊಬೈಲ್‌ನ ಪೋಕರ್, ರಮ್ಮಿ ಆ್ಯಪ್‌ಗಳಲ್ಲಿ ಬಾಯಿ ಬಿಡಲಾಗದ ಈ ಡೀಲರ್ ಕೂಡ ಇರಲಿಲ್ಲ. ಹಾಸ್ಟೆಲ್‌ನಲ್ಲಿ ನಮ್ಮವರು ರಾತ್ರಿ ಎರಡಕ್ಕೆ ಆಡುವಾಗ ಮುಖ ನೋಡುವವರೇ ಇಲ್ಲ. ಸೋತು ನಿಲ್ಲಿಸಿದರೆ ಬೋನಸ್ ಎಂದು ಮೆಸೇಜ್ ಬರುತ್ತಿತ್ತು. ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಹಡಗುಗಳ ದೀಪ ಮಾತ್ರ ಉರಿಯುತ್ತಲೇ ಇದೆ.

ಸಿಂಗಪುರದಲ್ಲಿ ಒಬ್ಬನ ಜೂಜಿನಿಂದ ಕಷ್ಟಕ್ಕೆ ಬಿದ್ದ ಮನೆಯವರೇ ಅರ್ಜಿ ಕೊಟ್ಟು ಅವನನ್ನು ಕ್ಯಾಸಿನೊ ಒಳಗೆ ಬಿಡದಂತೆ ಆದೇಶ ತರಬಹುದು. ಗೋವಾದಲ್ಲೂ ಅಂಥದೊಂದು ಬರಲಿ. ಅದಕ್ಕಿಂತ ಮೊದಲು, ತಿಂಗಳಾನುಗಟ್ಟಲೆ ಒಬ್ಬನ ಕೈ ನೋಡುವ ಡೀಲರ್‌ಗೆ ತನ್ನ ಮ್ಯಾನೇಜರ್ ಬಳಿ ‘ಈ ಹುಡುಗನ ಜೊತೆ ಸ್ವಲ್ಪ ಮಾತಾಡಿ’ ಎಂದು ಹೇಳುವ ಹಕ್ಕಾದರೂ ಇರಲಿ, ಹೇಳಿದ್ದಕ್ಕೆ ಕೆಲಸ ಹೋಗದಿರಲಿ.

ನಮ್ಮಲ್ಲಿ ಎಷ್ಟೋ ಜನ ಬಿಇ ಮುಗಿಸಿಯೂ ಟೇಬಲ್‌ನ ಆ ಕಡೆಯೇ ನಿಲ್ಲುವವರು: ಹೋಟೆಲ್ ಕೌಂಟರ್, ಕಾಲ್ ಸೆಂಟರ್, ಡೆಲಿವರಿ, ಕ್ಯಾಸಿನೊ. ಇಂಟರ್‌ವ್ಯೂನಲ್ಲಿ ಸಂಬಳ ಒಂದನ್ನೇ ಕೇಳಿ ಎದ್ದು ಬರಬೇಡಿ. ಟಿಪ್ಸ್ ಹೇಗೆ ಪಾಲಾಗುತ್ತದೆ, ರಾತ್ರಿ ಪಾಳಿ ಮುಗಿದರೆ ರೂಮಿಗೆ ಹೋಗಲು ಗಾಡಿ ಇದೆಯೇ ಎಂದು ಕೇಳಿ. ಗಿರಾಕಿ ಕೈಯಲ್ಲಿದ್ದದ್ದನ್ನು ಮುಖಕ್ಕೆ ಎಸೆದರೆ ಕಂಪನಿ ಯಾರ ಪಕ್ಕ ನಿಲ್ಲುತ್ತದೆ ಎಂದೂ ಕೇಳಿ. ಅಣ್ಣನಿಗೆ ಸೇರುವಾಗ ಇದನ್ನೆಲ್ಲ ಕೇಳಬೇಕು ಎಂದು ಹೇಳಿಕೊಟ್ಟವರು ಯಾರೂ ಇರಲಿಲ್ಲ.