ಹಿಂದಿನ ಸಾಲಿಗೂ ಕಾಣಬೇಕು

ಜೂನ್ 30ಕ್ಕೆ ಇಲ್ಲಿನ ಹಣಕಾಸು ವರ್ಷ ಮುಗಿಯಿತು ಅಂದರೆ ವಾರ್ಷಿಕ ಸಭೆಗಳ ಸುಗ್ಗಿ. ಕ್ವೀನ್ಸ್‌ಲ್ಯಾಂಡಿನಲ್ಲಿ ನೋಂದಾಯಿತ ಸಂಘಗಳು ವರ್ಷ ಮುಗಿದ ಆರು ತಿಂಗಳೊಳಗೆ ಸಭೆ ಕರೆದು ಲೆಕ್ಕ ಒಪ್ಪಿಸಬೇಕು. ಹೋದ ವರ್ಷ ಇಂಡೂರೂಪಿಲ್ಲಿಯ ಒಂದು ಹಾಲಿನಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ಬಿ.ಕಾಂ. ಮಾಡಿ ಇಪ್ಪತ್ತು ವರ್ಷ ಲೆಕ್ಕ ಬರೆದವನಿಗೆ ಇದೇನು ಮಹಾ ಅಂತ ಎಕ್ಸೆಲ್ ಹಾಳೆಯನ್ನು ಹಾಗೇ ಪವರ್‌ಪಾಯಿಂಟಿಗೆ ಅಂಟಿಸಿದೆ. ನಲವತ್ತು ಸಾಲು!

ಎರಡನೇ ಸಾಲಿನ ಕುರ್ಚಿಯಿಂದಾಚೆ ಯಾರಿಗೂ ಏನೂ ಕಾಣಲಿಲ್ಲ. ಸಾಲದ್ದಕ್ಕೆ ಕನ್ನಡದ ಶೀರ್ಷಿಕೆಗಳನ್ನು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಹಾಲಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ, ಪರದೆ ಮೇಲೆ ಬರೀ ಅಡ್ಡಾದಿಡ್ಡಿ ಚಿಹ್ನೆಗಳು. ಹಿಂದೆ ಕೂತಿದ್ದ ಹಿರಿಯರೊಬ್ಬರು, "ಅಲ್ಲಪ್ಪಾ, ದೀಪಾವಳಿ ಊಟದ್ದು ಉಳಿದ ದುಡ್ಡು ಎಲ್ಲಿ ಹೋಯ್ತು?" ಅಂದರು. ಅದು ಇಪ್ಪತ್ತೇಳನೇ ಸಾಲಿನಲ್ಲಿ ಇತ್ತು. ಲೆಕ್ಕ ಸರಿಯಿದ್ದೂ ಕಳ್ಳನ ಹಾಗೆ ನಿಂತೆ.

ಈ ಸಲ ಮೂರೇ ಸ್ಲೈಡು ಮಾಡಿದೆ. ಮೊದಲನೆಯದರಲ್ಲಿ ಬಂದದ್ದು, ಹೋದದ್ದು, ಉಳಿದದ್ದು, ಅಷ್ಟೇ. ಪೂರ್ತಿ ಪಟ್ಟಿಯನ್ನು ಪ್ರಿಂಟ್ ಹಾಕಿಸಿ ಬಾಗಿಲಲ್ಲೇ ಕೈಗೆ ಕೊಟ್ಟೆವು. ಶೀರ್ಷಿಕೆಯೂ ಬದಲಾಯಿತು. "ಆದಾಯ-ವೆಚ್ಚ" ಅಂದರೆ ಯಾರಿಗೂ ಏನೂ ತಿಳಿಯಲ್ಲ. "ಊಟದ ಲೆಕ್ಕದಲ್ಲಿ 640 ಡಾಲರ್ ಉಳಿದಿದೆ" ಅಂತ ಬರೆದರೆ ಅದೇ ಉತ್ತರ. ಅದೇ ಹಿರಿಯರು ಓದಿಕೊಂಡು, "ಹಾಗಾದ್ರೆ ಈ ವರ್ಷ ಹೋಳಿಗೆ ಹಾಕ್ಸಿ" ಅಂದರು. (ದೊಡ್ಡ ಅಂಕಿಗೆ ಅಲ್ಪವಿರಾಮ ಹಾಕುವಾಗ ಜೋಪಾನ. ಊರಿನ 1,25,000 ಇಲ್ಲಿ 125,000. ಒಂದೇ ಸ್ಲೈಡಿನಲ್ಲಿ ಎರಡೂ ಬೇಡ.)

ಕನ್ನಡ ಅಕ್ಷರದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಯಾವಾಗಲೂ ಯೂನಿಕೋಡಿನಲ್ಲೇ ಟೈಪ್ ಮಾಡಿ. ವಿಂಡೋಸ್ 8 ಮತ್ತು ಅದರ ನಂತರದವುಗಳಲ್ಲಿ ನಿರ್ಮಲಾ ಯುಐ ಫಾಂಟ್ ಇದ್ದೇ ಇರುತ್ತದೆ. ಗೂಗಲ್ಲಿನ ನೋಟೋ ಸ್ಯಾನ್ಸ್ ಕನ್ನಡ ಪುಕ್ಕಟೆ ಸಿಗುತ್ತದೆ. ಬೇರೆ ಫಾಂಟೇ ಬೇಕು ಅನ್ನುವವರು ಫೈಲ್, ಆಪ್ಶನ್ಸ್, ಸೇವ್ ಒಳಗೆ ಹೋಗಿ ಫಾಂಟ್ ಎಂಬೆಡ್ ಮಾಡುವ ಚೌಕಕ್ಕೆ ಟಿಕ್ ಹಾಕಿ. ಯಾವುದಕ್ಕೂ ಪೆನ್ ಡ್ರೈವಿನಲ್ಲಿ ಒಂದು ಪಿಡಿಎಫ್ ಪ್ರತಿಯೂ ಇರಲಿ, ಫಾಂಟ್ ಕೈಕೊಟ್ಟರೂ ಅದು ಓದಲು ಬರುತ್ತದೆ. ಇನ್ನೊಂದು, ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಇದೆ. ಜಾಸ್ತಿ ಬರೆದಷ್ಟೂ ಪವರ್‌ಪಾಯಿಂಟ್ ತಾನಾಗಿ ಅಕ್ಷರ ಕುಗ್ಗಿಸಿ ಸಾಲುಗಳನ್ನು ಹತ್ತಿರ ತರುತ್ತದೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಸಾಲಿನ ಅಂತರ 1.2 ಇಡಿ, ಅಕ್ಷರ 28ಕ್ಕಿಂತ ಕಡಿಮೆ ಬೇಡ. ಹಿಡಿಸದಿದ್ದರೆ ಮಾತು ಕಡಿಮೆ ಮಾಡಿ, ಅಕ್ಷರವನ್ನಲ್ಲ.

ವೇರ್‌ಹೌಸಿನಲ್ಲಿ, ಏಜ್ಡ್ ಕೇರಿನಲ್ಲಿ ಕೆಲಸ ಮಾಡುವ ನಮ್ಮವರಿಗೂ ಈಗ ಟೂಲ್‌ಬಾಕ್ಸ್ ಟಾಕ್, ಟೀಮ್ ಲೀಡರ್ ಇಂಟರ್‌ವ್ಯೂ ಅಂತ ಸ್ಲೈಡು ಮಾಡುವ ಸಂದರ್ಭ ಬರುತ್ತದೆ. ಇಂಗ್ಲಿಷ್ ತಡವರಿಸೀತು ಅನ್ನೋ ಭಯಕ್ಕೆ ಇಡೀ ಭಾಷಣವನ್ನೇ ಸ್ಲೈಡಿನ ಮೇಲೆ ಬರೆದು ಗೋಡೆ ನೋಡಿಕೊಂಡು ಓದುತ್ತಾರೆ. ನಾನೂ ಮಾಡಿದ್ದೇನೆ. ಸ್ಲೈಡಿನ ಕೆಳಗೆ ನೋಟ್ಸ್ ಅಂತ ಜಾಗ ಇದೆ. ಹೇಳಬೇಕಾದ್ದನ್ನು ಅಲ್ಲಿ ಕನ್ನಡದಲ್ಲೇ ಬರೆದುಕೊಂಡರೂ ಆಯಿತು. ಪ್ರೆಸೆಂಟರ್ ವ್ಯೂ ಇಟ್ಟರೆ ಅದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ ಕಾಣುತ್ತದೆ. ಸ್ಲೈಡಿನ ಮೇಲೆ ನಿಮ್ಮ ಜಾಗದ್ದೇ ಒಂದು ಫೋಟೋ ಹಾಕಿ: ಅಡ್ಡ ಇಟ್ಟ ಪ್ಯಾಲೆಟ್, ಒದ್ದೆ ನೆಲ. ಆರೈಕೆಯಲ್ಲಿರುವವರ ಮುಖ ಮಾತ್ರ ಬೀಳಬಾರದು.

ಮಾತಾಡುವಾಗ ಜನ ನಿಮ್ಮ ಕಡೆ ತಿರುಗಬೇಕಾದರೆ ಕೀಲಿಮಣೆಯ ಬಿ ಒತ್ತಿ, ಪರದೆ ಕಪ್ಪಾಗುತ್ತದೆ. ಮತ್ತೆ ಒತ್ತಿದರೆ ಬರುತ್ತದೆ. ಯಾರಾದರೂ ಎರಡನೇ ಸ್ಲೈಡು ಮತ್ತೆ ತೋರಿಸಿ ಅಂದರೆ 2 ಒತ್ತಿ ಎಂಟರ್ ಕೊಡಿ, ಹಿಂದೆ ಹಿಂದೆ ಓಡಿಸಬೇಡಿ. ಸಭೆಯ ದಿನ ಅರ್ಧ ಗಂಟೆ ಮುಂಚೆ ಹೋಗಿ, ಆ ಹಾಲಿನ ಕಂಪ್ಯೂಟರಿನಲ್ಲೇ ಫೈಲ್ ತೆರೆದಿಟ್ಟು, ಕಟ್ಟಕಡೆಯ ಕುರ್ಚಿಯಲ್ಲಿ ಕೂತು ಒಮ್ಮೆ ಓದಿ ನೋಡಿ. ಕನ್ನಡಕ ತೆಗೆದು.