ಹನ್ನೆರಡು ಮಂದಿಯ ಹಡಗು

ಸರಕಿನ ಹಡಗಿಗೆ ಚರಿತ್ರೆಯೆಂಬುದೇನು? ಹೇರಿದ್ದು, ಸಾಗಿದ್ದು, ಇಳಿಸಿದ್ದು. ಕಡೆಗೊಂದು ದಿನ ಗುಜರಿಯಾದದ್ದು. 1945ರಲ್ಲಿ, ಮಹಾಯುದ್ಧದ ಕೊನೆಗಾಲದಲ್ಲಿ, ಅಮೆರಿಕದ ಲಾಸ್ ಏಂಜಲೀಸಿನಲ್ಲಿ ನೀರಿಗಿಳಿದ 'ಮೆರೆಡಿತ್ ವಿಕ್ಟರಿ'ಯ ಜಾತಕವೂ ಇಷ್ಟೇ ಆಗಬೇಕಿತ್ತು. ನಾವಿಕರನ್ನು ಬಿಟ್ಟರೆ ಅದರಲ್ಲಿ ಪ್ರಯಾಣಿಕರಿಗಿದ್ದ ಸ್ಥಳ ಹನ್ನೆರಡೇ.

1950ರ ಡಿಸೆಂಬರ್. ಕೊರಿಯದ ಯುದ್ಧದಲ್ಲಿ ಚೀನೀ ಸೇನೆ ಮುನ್ನುಗ್ಗಿತ್ತು. ಉತ್ತರದ ಹುಂಗ್ನಾಮ್ ಬಂದರನ್ನು ವಿಶ್ವಸಂಸ್ಥೆಯ ಪಡೆಗಳು ತೆರವು ಮಾಡುತ್ತಿದ್ದುವು. ಕೊರೆಯುವ ಚಳಿಯಲ್ಲಿ ದಡದ ತುಂಬ ನಿರಾಶ್ರಿತರು. ಕಪ್ತಾನ ಲೆನಾರ್ಡ್ ಲಾರೂ ಹನ್ನೆರಡಕ್ಕೇ ನಿಲ್ಲಿಸಿದ್ದರೆ ಯಾರೂ ಆತನನ್ನು ದೂರುತ್ತಿರಲಿಲ್ಲ. ಆತ ನಿಲ್ಲಿಸಲಿಲ್ಲ. ಸರಕೆತ್ತುವ ಯಂತ್ರಗಳಿಂದಲೇ ಮುದುಕರನ್ನೂ ಮಕ್ಕಳನ್ನೂ ರಾತ್ರಿಯಿಡೀ ಹಡಗಿನ ಒಡಲಿಗೆ ಇಳಿಸಲಾಯಿತು. ಡಿಸೆಂಬರ್ 23ರಂದು ಹಡಗು ಹೊರಟಾಗ ಅದರೊಳಗಿದ್ದವರು ಸುಮಾರು 14,000 ಮಂದಿ!

ಒಡಲಲ್ಲಿ ವಿಮಾನದ ಇಂಧನ, ಕಡಲಲ್ಲಿ ಸಿಡಿಗುಂಡು. ವೈದ್ಯನಿಲ್ಲ, ದುಭಾಷಿಯಿಲ್ಲ, ಅನ್ನನೀರು ಸಾಲದು. ಬುಸಾನ್ ಬಂದರು ಆಗಲೇ ತುಂಬಿತ್ತು. ಅಲ್ಲಿ ಇಳಿಯಲು ಅನುಮತಿ ಸಿಗಲಿಲ್ಲ. ಕ್ರಿಸ್‌ಮಸ್ ದಿನ ಹಡಗು ಗೋಜೆ ದ್ವೀಪವನ್ನು ಮುಟ್ಟಿತು. ದಾರಿಯಲ್ಲಿ ಒಬ್ಬರೂ ಸಾಯಲಿಲ್ಲ. ಐದು ಕೂಸುಗಳು ಹುಟ್ಟಿದುವು.

ಹಡಗು ಮತ್ತೆ ಸರಕಿಗೆ ಮರಳಿತು. ವಿಯಟ್ನಾಮ್ ಯುದ್ಧದಲ್ಲಿಯೂ ದುಡಿಯಿತು. ಕಪ್ತಾನ 1954ರಲ್ಲಿ ಕ್ರೈಸ್ತ ಮಠವೊಂದನ್ನು ಸೇರಿ, 2001ರಲ್ಲಿ ತೀರಿಕೊಳ್ಳುವವರೆಗೆ ಸಂನ್ಯಾಸಿಯಾಗಿಯೇ ಉಳಿದ. 1993ರಲ್ಲಿ ಹಡಗನ್ನು ಒಡೆದದ್ದು, ವಿಧಿಯ ವಿನೋದವೆನ್ನಿ, ಚೀನದಲ್ಲಿಯೇ.

ಅಂದು ಇಳಿದವರಲ್ಲೊಂದು ದಂಪತಿಗೆ 1953ರಲ್ಲಿ ಆ ದ್ವೀಪದಲ್ಲಿಯೇ ಮಗ ಹುಟ್ಟಿದ. ಆತ, ಮೂನ್ ಜೇ-ಇನ್, 2017ರಲ್ಲಿ ದಕ್ಷಿಣ ಕೊರಿಯದ ಅಧ್ಯಕ್ಷನಾದ. ಹನ್ನೆರಡರ ಲೆಕ್ಕದಲ್ಲಿ ಅವನ ತಾಯಿತಂದೆಗೆ ಎಡೆಯಿತ್ತೆ?